ಹಗ್ಗದ ಮೇಲಿನ ಹತ್ತು ಬೆರಳು

ಆ ಬೆಳಿಗ್ಗೆ ಶಹಾಪುರದ ನಮ್ಮ ಮನೆಯಲ್ಲಿ ನಾವು ನಾಲ್ವರಿದ್ದೆವು. ಅತ್ತೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಪಡಸಾಲೆಯಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದರು. ನಮ್ಮ ಮನೆಯವರು ಪಾತ್ರೆ ಅಂಗಡಿಗೆ ಹೊರಟು ಬಾಗಿಲಲ್ಲಿ ನಿಂತು, ಕಿಸೆಯಲ್ಲೇ ಇದ್ದ ಗಾಡಿ ಕೀಲಿಯನ್ನು ಮನೆಯೆಲ್ಲ ಹುಡುಕಿಸುತ್ತಿದ್ದರು. ನನ್ನ ತಂಗಿಯ ಮಗಳು ಸವಿತಾ, ಸುರಪುರದವಳು, ಕಾಲೇಜಿಗೆಂದು ನಮ್ಮಲ್ಲೇ ಇರುವವಳು, ಕನ್ನಡಿ ಮುಂದೆ ಜಡೆ ಹೆಣೆಯುತ್ತಿದ್ದಳು. ನಾನು ಸ್ನಾನ ಮುಗಿಸಿ ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದೆ.

"ಇದೇನು, ಪರಸಿ ಮ್ಯಾಲ ಕುಂಕುಮ ಚೆಲ್ಲ್ಯಾದಲ್ಲ?" ಎಂದರು ನಮ್ಮವರು, ಕಾಲಡಿಯ ಹಾಸುಗಲ್ಲು ನೋಡುತ್ತ.

ಅತ್ತೆಗೆ ಕಣ್ಣಲ್ಲಿ ಪೊರೆ. ದೂರದ್ದು ಕಾಣುವುದಿಲ್ಲ, ಹತ್ತಿರದ್ದು ಅರೆಬರೆ. ಆದರೆ ಅವರ ಬೆರಳಿಗೆ ಕಾಣದ್ದಿಲ್ಲ. ಕೂತಲ್ಲಿಂದಲೇ ಬಾಗಿ ಕಲ್ಲಿನ ಮೇಲಿನ ಕಲೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು.

"ಕುಂಕುಮ ಅಲ್ಲಪ್ಪ. ನೆತ್ತರ. ಯಾರ್ದೋ ಕಾಲು ಕೊಯ್ದದ."

ನಾನು ಬಿಟ್ಟೇನೆ? ಹಿಂದಿನ ದಿನ ಸವಿತಾ ಗಾಜಿನ ಗ್ಲಾಸೊಂದನ್ನು ಒಡೆದಿದ್ದಳು. "ಬರೋಬ್ಬರಿ ಕಸ ಹೊಡಿ ಅಂತ ಹೇಳಿದ್ನೋ ಇಲ್ಲೋ? ತೋರಸು ನಿನ್ನ ಕಾಲು!" ಅವಳು ತೋರಿಸಿದಳು. ಏನೂ ಇಲ್ಲ. "ನೀವೂ ತೋರಸ್ರಿ," ಎಂದೆ. ನಮ್ಮವರು ಬಾಗಿಲ ಚೌಕಟ್ಟು ಹಿಡಿದು ಕೊಕ್ಕರೆಯಂತೆ ಒಂದೊಂದೇ ಕಾಲೆತ್ತಿ ತೋರಿಸಿದರು. ಏನೂ ಇಲ್ಲ. ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವರ ಅಂಗಾಲನ್ನೂ ತಿರುಗಿಸಿ ನೋಡಿದೆ. ಒಡೆದ ಹಿಮ್ಮಡಿ ಬಿಟ್ಟರೆ ಅಲ್ಲೂ ಏನಿಲ್ಲ. ಎದ್ದು ಮತ್ತೆ ಅಡುಗೆಮನೆ ಕಡೆ ಹೊರಟೆ, ಬೈಗುಳ ನಿಲ್ಲಿಸದೆ.

"ದೊಡ್ಡವ್ವ," ಎಂದಳು ಸವಿತಾ, ಜಡೆ ಅರ್ಧಕ್ಕೆ ಬಿಟ್ಟು. "ನೀ ಎಲ್ಲೆಲ್ಲಿ ಹೋಗಾಕತ್ತೀ ಅಲ್ಲಲ್ಲೇ ಆಗಾಕತ್ತಾವ ನೋಡು ಕಲಿ."

ನೋಡಿಕೊಂಡೆ. ನನ್ನ ಬಲಗಾಲು. ಎರಡನೇ ಬೆರಳಿನ ಕಾಲುಂಗುರದ ಬಾಯಿ ಬಿಚ್ಚಿ, ಅದರ ಬೆಳ್ಳಿ ತುದಿ ಅದೇ ಬೆರಳಿನ ಬುಡದೊಳಗೆ ಹೊಕ್ಕು ಕೂತಿತ್ತು. ಸುತ್ತ ಬಿಳಿಚಿಕೊಂಡ ಚರ್ಮ. ಅಂದರೆ ಅದು ಇವತ್ತಿನ ಕತೆಯಲ್ಲ, ಬಹಳ ದಿನಗಳಿಂದ ಅದು ಅಲ್ಲೇ ಮನೆ ಮಾಡಿಕೊಂಡಿತ್ತು. ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ನೋವೇ ಇಲ್ಲ. ಬೇರೆ ಯಾರದೋ ಕಾಲನ್ನು ಹಿಡಿದುಕೊಂಡ ಹಾಗೆ.

ಸತ್ಯ ಹೇಳುತ್ತೇನೆ, ಮೊದಲು ಬಂದದ್ದು ಹೆದರಿಕೆಯಲ್ಲ, ಸೋಜಿಗ. ಇಷ್ಟು ದೊಡ್ಡ ಸುದ್ದಿಯನ್ನು ನನ್ನ ಕಾಲು ನನಗೇ ಹೇಳಲಿಲ್ಲವಲ್ಲ? ಯಾವತ್ತಿನಿಂದ ಮಾತು ಬಿಟ್ಟಿತು?

ನನ್ನ ಕಾಲಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನದು ಬಹಳ ಸಣ್ಣ ಪಾದ. ತವರೂರು ಶಿರವಾಳದಲ್ಲಿ ನಮ್ಮ ಅಜ್ಜ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಗುಬ್ಬಿಗಾಲಿ, ಬಾ ಇಲ್ಲಿ," ಅನ್ನುತ್ತಿದ್ದ. ಮಾತು, ಕತೆ, ಬೈಗುಳ ಎಲ್ಲ ನಾನು ಕಲಿತದ್ದು ಅವನ ಬಾಯಿಂದ. ಮೈ ಬೆಳೆಯಿತು, ಮದುವೆಯಾಯಿತು, ತಲೆ ನೆರೆಯಿತು, ಪಾದ ಮಾತ್ರ ಅಜ್ಜ ಇಟ್ಟ ಹೆಸರಿಗೆ ನಿಷ್ಠೆಯಿಂದ ಉಳಿಯಿತು. ಚಪ್ಪಲಿಯನ್ನು ಈಗಲೂ ಮಕ್ಕಳ ಸಾಲಿನಲ್ಲೇ ಹುಡುಕುತ್ತೇನೆ. ಅಂಗಡಿಯವನು "ಎಷ್ಟು ವರ್ಷದ ಹುಡುಗಿಗ್ರಿ?" ಎಂದರೆ "ಎಂಟು ವರ್ಷದಕಿಗಿ," ಎಂದು ತಂದುಬಿಡುತ್ತೇನೆ. ನನಗೆ ಮಕ್ಕಳಿಲ್ಲ. ಅಂಗಡಿಯವನಿಗೆ ಅದು ಗೊತ್ತಿಲ್ಲ, ಆ ಹುಡುಗಿ ಯಾಕೆ ಬೆಳೆಯುತ್ತಿಲ್ಲ ಎಂದು ಅವನು ಕೇಳಿದ್ದೂ ಇಲ್ಲ.

ಶುಗರ್ ನನಗೆ ಹಳೆಯ ನೆಂಟ. ಗುಳಿಗೆ ನುಂಗುತ್ತಿದ್ದೆ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದೆ, ಹಬ್ಬದಲ್ಲಿ ಹೋಳಿಗೆಯ ಮುಂದೆ ಮಾತ್ರ ಸೋಲುತ್ತಿದ್ದೆ. ಅದು ಕಾಲಿಗೂ ಇಳಿಯುತ್ತದೆ ಎಂದು ಕೇಳಿದ್ದೆ, ಆದರೆ ಇಳಿದರೆ ಉರಿ ಬರುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ ಎಂದು ಕಾದಿದ್ದೆ. ಏನೂ ಆಗದೆ ಇರುವುದೇ ಅದರ ಬರುವಿಕೆ ಎಂದು ಯಾರು ತಾನೇ ಊಹಿಸುತ್ತಾರೆ?

ಶಹಾಪುರದ ಡಾಕ್ಟರು ಉಂಗುರಕ್ಕೆ ಕೈ ಹಚ್ಚದೆ ಮೇಲೆ ಪಟ್ಟಿ ಕಟ್ಟಿ, ಯಾದಗಿರಿಗೆ ಹೋಗಿ ಕಾಲಿನ ಡಾಕ್ಟರಿಗೆ ತೋರಿಸಿ ಎಂದರು. ಬಸ್ಸಿನಲ್ಲಿ ನಮ್ಮವರು ಎದುರಿನ ಸೀಟಿನವರನ್ನು ಕಾಡಿ ಬೇಡಿ ಸರಿಸಿ ನನ್ನ ಕಾಲಿಗೂ ಒಂದು ಜಾಗ ಮಾಡಿಸಿದರು.

ದವಾಖಾನೆಯ ಆ ಕಾಯುವ ಕೋಣೆ ಒಂದು ಬೇರೆ ಲೋಕ. ಬೇರೆ ಕಡೆ ಜನ ಮುಖ ನೋಡುತ್ತಾರೆ. ಅಲ್ಲಿ ಒಬ್ಬರೂ ಮುಖ ನೋಡುವುದಿಲ್ಲ, ಎಲ್ಲರ ಕಣ್ಣೂ ಎದುರಿನವರ ಕಾಲಿನ ಮೇಲೆ. ಬಿಳಿ ಪಟ್ಟಿಗಳ ಸಾಲು. ಕೆಲವು ಪಟ್ಟಿಗಳ ತುದಿ ಇರಬೇಕಾದ್ದಕ್ಕಿಂತ ಬೇಗ ಮುಗಿಯುತ್ತಿತ್ತು, ಅಲ್ಲಿಂದ ಕಣ್ಣು ಕಿತ್ತು ಗೋಡೆ ನೋಡಬೇಕಾಗುತ್ತಿತ್ತು. ನನ್ನ ಪಕ್ಕ ಕೊಂಕಲ್ ಊರಿನ ಒಬ್ಬ ಮುದುಕ ಕೂತಿದ್ದ. ಹೆಗಲ ಮೇಲೆ ಕರಿ ಕಂಬಳಿ, ಜೀವಮಾನವೆಲ್ಲ ಕುರಿ ಹಿಂದೆ ನಡೆದವನು. ತಾನಾಗಿಯೇ ಕಾಲು ಮುಂದೆ ಚಾಚಿ ತೋರಿಸಿದ.

"ಹೆಬ್ಬಟ್ಟು ಹೋತು ಯವ್ವಾ. ಮೊದ್ಲು ಹೆಬ್ಬಟ್ಟ ಹೋಗಬೇಕೇನು? ಹಿರಿಯಾ ಅಂತ ಅದಕ್ಕರೆ ಮರ್ಯಾದಿ ಬ್ಯಾಡ?"

ನಕ್ಕೆ. ನಕ್ಕಿದ್ದಕ್ಕೆ ಹೆದರಿದೆ. ಅವನೂ ನಗುತ್ತಿದ್ದ.

ಒಳಗೆ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯ ಹೆಣ್ಣುಮಗಳು. ಪೆನ್ನಿನಂಥದ್ದರ ತುದಿಗೆ ಕುದುರೆಬಾಲದ ಕೂದಲಿನಷ್ಟು ದಪ್ಪದ ನೈಲಾನ್ ದಾರ ಹಿಡಿದುಕೊಂಡಿದ್ದರು.

"ಕಣ್ಣು ಮುಚ್ರಿ ಅವ್ವ. ನಾ ಮುಟ್ಟಿದ ಕೂಡ್ಲೆ ಹೂಂ ಅನ್ರಿ."

ಕಣ್ಣು ಮುಚ್ಚಿದೆ. ಹೊರಗೆ ಯಾರದೋ ಹೆಸರು ಕೂಗಿದರು. ಫ್ಯಾನ್ ಕಿರುಗುಟ್ಟಿತು. ಡಾಕ್ಟರು ಇನ್ನೂ ಶುರು ಮಾಡಿಲ್ಲವೇನೋ ಎಂದುಕೊಂಡೆ. ಸುಮ್ಮನೆ ಕೂತರೆ ಇವರಿಗೆ ಬೇಸರವಾದೀತೆಂದು, ಅವರ ಬಳೆ ಸದ್ದಾದಾಗೊಮ್ಮೆ "ಹೂಂ" ಎಂದೆ.

"ಈಗ ನಾ ಮುಟ್ಟೇ ಇಲ್ರಿ."

"ಹಂಗಾರ ಮೊದ್ಲ ಮುಟ್ಟಿದ್ರೇನು?"

"ಮುಟ್ಟಾಕತ್ತು ಆಗ್ಲೇ ಎಷ್ಟೊತ್ತಾತು. ಪರೀಕ್ಷಾದಾಗ ಕಾಪಿ ಹೊಡೀಬ್ಯಾಡ್ರಿ ಅವ್ವ."

ನಗುತ್ತಲೇ ಹೇಳಿದರು. ಆದರೆ ಕಣ್ಣು ತೆರೆದಾಗ ನನಗೆ ನಗು ಬರಲಿಲ್ಲ. ಆ ದಾರ ಬಾಗುವಷ್ಟು ಒತ್ತಿ ಹಿಡಿದಿದ್ದರು, ನನ್ನ ಹೆಬ್ಬೆರಳಿನ ಮೇಲೆ, ನನ್ನ ಕಣ್ಣೆದುರಿಗೇ. ಕಣ್ಣಿಗೆ ಕಾಣುತ್ತಿದೆ, ಕಾಲಿಗೆ ಗೊತ್ತಿಲ್ಲ.

"ಮತ್ತ ಇಷ್ಟು ದಿನ ಹೆಂಗ್ ನಡದೀನ್ರಿ ನಾನು?"

"ರೂಢಿ ಮ್ಯಾಲ," ಎಂದರು ಅವರು.

ಕಾಲುಂಗುರ ಕತ್ತರಿಸಲು ನರ್ಸಮ್ಮ ಸಣ್ಣ ಇಕ್ಕಳದಂಥದ್ದನ್ನು ತಂದಾಗ ನನ್ನ ಕೈ ತಾನಾಗಿ ಅಡ್ಡ ಹೋಯಿತು. ಗಂಡ ಇರುವವಳ ಕಾಲಿಂದ ಅದನ್ನು ತೆಗೆಯುವುದೆಂದರೆ ಏನೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ನಮ್ಮವರು ಬಾಗಿಲಿಂದ ಇಣುಕಿ ನೋಡಿ, "ಏ, ನಾ ಇಲ್ಲೇ ಗಟ್ಟಿಮುಟ್ಟ ನಿಂತೀನಿ. ತಗೀಲಿ ಬಿಡ. ನನಗೇನಾರ ಆದ್ರ ನಾನೇ ಹೇಳ್ತೀನಿ," ಎಂದರು. ನರ್ಸಮ್ಮನಿಗೆ ನಗು ತಡೆಯಲಾಗದೆ ಇಕ್ಕಳ ಜಾರಿತು. ಹಾಗೆ ಅದು ಹೋಯಿತು.

ಕೊನೆಗೆ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಗಾಯ ಮಾಯುತ್ತದೆ, ಆದರೆ ಅದೇ ಜಾಗಕ್ಕೆ ಇನ್ನೊಮ್ಮೆ ಪೆಟ್ಟಾದರೆ ಆ ಬೆರಳು ಉಳಿಯುತ್ತದೆಂದು ತಾನು ಮಾತು ಕೊಡಲಾರೆ ಎಂದರು. "ಬರಿಗಾಲಾಗ ಒಂದ್ ಹೆಜ್ಜಿನೂ ಇಡಬ್ಯಾಡ್ರಿ. ಮನ್ಯಾಗ ಸೈತ. ಬೆರಳು ಒಂದಕ್ಕೊಂದು ಅಂಟಿ ಬೆವರಬಾರದು, ತಿಕ್ಕಾಡಬಾರದು. ಗಾಯ ಪೂರಾ ಮಾಯ್ದ ಮ್ಯಾಲ ಬೆರಳು ಬ್ಯಾರೆ ಬ್ಯಾರೆ ಇರೋ ಸಾಕ್ಸ್ ಸಿಗ್ತಾವ, ಹಾಕಿ ನೋಡ್ರಿ. ಆದ್ರ ನಿಮ್ಮ ಕಾಲಿಗಿ ಸರಿಯಾಗಿ ಕೂತ್ರ ಮಾತ್ರ. ಬಿಗಿ ಆದ್ರ ಅದೇ ಒಂದು ಗಾಯ ಮಾಡ್ತದ."

ಮನೆಯಲ್ಲೂ ಬರಿಗಾಲು ಬೇಡ ಎಂದು ಅವರು ಸುಲಭವಾಗಿ ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಹೊಸ್ತಿಲಾಚೆ ಬಿಟ್ಟದ್ದು ಹೊಸ್ತಿಲೊಳಗೆ ಬರುವುದಿಲ್ಲ. ಪಡಸಾಲೆಗೇ ಇಲ್ಲ, ಇನ್ನು ಅಡುಗೆಮನೆ, ದೇವರ ಕೋಣೆಯ ಮಾತೆಲ್ಲಿ? ಮನೆಯೊಳಗಿನ ಚಪ್ಪಲಿ ಎಂದು ಬೇರೆಯೇ ಇಟ್ಟುಕೊಳ್ಳುವವರ ಮನೆಗೆ ಅತ್ತೆ ನೀರು ಕುಡಿಯಲೂ ಹೋದವರಲ್ಲ. ಒಲೆಯ ಕೆಲಸವೆಲ್ಲ ನನ್ನದು. ಒಂದು ಕಡೆ ಡಾಕ್ಟರ ಮಾತು, ಒಂದು ಕಡೆ ಅತ್ತೆಯ ಹೊಸ್ತಿಲು, ನಡುವೆ ನನ್ನ ಒಂದು ಬೆರಳು.

ಅತ್ತೆಗೆ ನಾನು ಬೆರಳಿನ ಮಾತು ಹೇಳಲಿಲ್ಲ. "ಗಾಯ ಆಗ್ಯಾದ, ಮಾಯ್ತದ," ಎಂದಷ್ಟೇ ಹೇಳಿದೆ. ಪಟ್ಟಿ ಇರುವವರೆಗೆ ನಡೆಯಿತು. ಪಟ್ಟಿಯೂ ಬಟ್ಟೆಯಲ್ಲವೇ, ಅದಕ್ಕೆ ಅತ್ತೆ ಏನೂ ಅನ್ನಲಿಲ್ಲ. ಅಡುಗೆಯನ್ನು ಸವಿತಾ ನೋಡಿಕೊಂಡಳು. ಅವಳ ರೊಟ್ಟಿಯನ್ನು ಹೊಗಳುತ್ತಲೇ ಅತ್ತೆ ಅರ್ಧ ಬಿಟ್ಟೇಳುತ್ತಿದ್ದರು. "ಛಲೋ ಮಾಡೀ ಮಗಳ. ನನ್ನ ಹಲ್ಲಿಗೇ ನಸೀಬಿಲ್ಲ."

ಆ ದಿನಗಳಲ್ಲಿ ನನಗೊಂದು ಹುಚ್ಚು ಹಿಡಿಯಿತು. ಕಾಲಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಕಂಡುಹಿಡಿಯಬೇಕು. ಸವಿತಾ ನನ್ನ ಕಣ್ಣಿಗೆ ದುಪಟ್ಟಾ ಕಟ್ಟುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತೇ ಇರುತ್ತಿದ್ದೆ, ಅವಳು ಕಾಲಡಿ ಒಂದೊಂದೇ ಸಾಮಾನು ತಂದು ತಾಗಿಸುತ್ತಿದ್ದಳು. ಗೋಣಿಚೀಲ, ಕೌದಿ, ಒದ್ದೆ ಬಟ್ಟೆ, ಬೋಗುಣಿಯಲ್ಲಿ ಜೋಳ. ಹಿಮ್ಮಡಿ ಇನ್ನೂ ಸುದ್ದಿ ಕೊಡುತ್ತಿತ್ತು. ಅಂಗಾಲಿನ ನಡುವೆ ಗುಸುಗುಸು. ಬೆರಳುಗಳು ಪೂರ್ತಿ ಮೂಕ. ನಮ್ಮ ಅಜ್ಜ ಕತ್ತಲಲ್ಲಿ ಹೊಲದ ಬದುವಿನ ಮೇಲೆ ಕಂದೀಲಿಲ್ಲದೆ ನಡೆಯುತ್ತಿದ್ದ, ಕಾಲೇ ದಾರಿ ನೋಡುತ್ತದೆ ಅನ್ನುತ್ತಿದ್ದ. ಅವನ ಮೊಮ್ಮಗಳ ಕಾಲಿಗೆ ಜೋಳಕ್ಕೂ ಕೌದಿಗೂ ಫರಕು ಗೊತ್ತಾಗುತ್ತಿರಲಿಲ್ಲ.

"ಈ ವಯಸ್ಸಿನಾಗ ಕಣ್ಣು ಕಟ್ಟಿ ಆಡೋ ಆಟ ಏನ್ ಬೇ ಇದು?" ಎಂದು ಅತ್ತೆ ಪಡಸಾಲೆಯಿಂದ ಗದರುತ್ತಿದ್ದರು.

ಗಾಯ ಮಾಯ್ದ ಮೇಲೆ ಸಾಕ್ಸಿನ ಬೇಟೆ ಶುರುವಾಯಿತು. ಶಹಾಪುರದ ಪೇಟೆಯಲ್ಲಿ ಸಿಕ್ಕಿದ್ದು ಶಾಲೆ ಮಕ್ಕಳ ಸಾಕ್ಸ್. ನನ್ನ ಕಾಲಿಗೆ ಉದ್ದ ಸರಿಯಾಯಿತು, ಆದರೆ ಐದು ಬೆರಳೂ ಒಂದೇ ಚೀಲದಲ್ಲಿ, ಸಂತೆಗೆ ಹೊರಟ ಕೋಳಿಗಳ ಹಾಗೆ. ಬೆರಳು ಬೇರೆ ಬೇರೆ ಇರುವುದು ಬೇಕು ಎಂದರೆ ಅಂಗಡಿಯವನು, "ಅಂಥವು ಕೈಗೆ ಬರ್ತಾವ್ರಿ, ಕಾಲಿಗಿ ಯಾರು ಮಾಡ್ತಾರ?" ಎಂದ. ಆ ಮಾತನ್ನು ನಮ್ಮವರು ಗಟ್ಟಿ ಹಿಡಿದರು. ಯಾದಗಿರಿಗೆ ಮಾಲು ತರಲು ಹೋದಾಗ, ಹುಡುಗಿಯರು ಬಿಸಿಲಿಗೆ ಹಾಕಿಕೊಂಡು ಸ್ಕೂಟಿ ಓಡಿಸುವ ಕೈಗವಸು ಒಂದು ಜೊತೆ ತಂದುಬಿಟ್ಟರು.

"ಐದು ಬೆರಳು ಅವ ಇಲ್ಲೋ ಎಣಸು!"

ಹಾಕಿದೆವು. ಕಾಲಿನ ಬೆರಳು ಒಳಗೆ ಎಲ್ಲೋ ಉಳಿದವು, ಮುಂದೆ ಖಾಲಿ ತುದಿಗಳು ಜೋತಾಡಿದವು. ಅತ್ತೆ ಕೈಯಿಂದ ಮುಟ್ಟಿ ನೋಡಿ, "ಇದೇನು, ಆಡಿನ ಮೊಲಿ ಆಗ್ಯಾವಲ್ಲ!" ಎಂದರು. ಆ ದಿನ ನಾವು ನಾಲ್ವರೂ ನಕ್ಕ ನಗೆಗೆ ಪಕ್ಕದ ಮನೆಯವರು ಏನೋ ಶುಭಸುದ್ದಿ ಇರಬೇಕೆಂದು ಬಂದು ಕೇಳಿದರು.

ಸವಿತಾ ಫೋನಿನಲ್ಲಿ ಹುಡುಕಿದಳು. ಅದರೊಳಗೆ ಒಂದು ಜಗತ್ತೇ ಇದೆ! ಬರಿಗಾಲಲ್ಲಿ ನಡೆದ ಹಾಗೇ ಇರಬೇಕು, ಕಾಲಿಗೆ ಪೆಟ್ಟೂ ಆಗಬಾರದು ಎಂದು ಬಯಸುವವರು ನಾನೊಬ್ಬಳೇ ಅಲ್ಲ. ಓಡುವವರು, ಯೋಗ ಮಾಡುವವರು, ಸುಮ್ಮನೆ ಶೋಕಿಗೆ ಹಾಕುವವರು. ಅಡಿಯಲ್ಲಿ ಜಾರದಂತೆ ರಬ್ಬರು ಚುಕ್ಕೆ ಇರುವಂಥವು, ತೆಳ್ಳಗಿನವು, ದಪ್ಪನವು. ದುಡ್ಡು ಕೊಟ್ಟು ಬರಿಗಾಲು ಕೊಳ್ಳುವ ಜನರೂ ಇದ್ದಾರೆಂದು ನನಗೆ ಗೊತ್ತಾದದ್ದು ಆಗಲೇ. ಮೊದಲ ಪೊಟ್ಟಣ ಬಂತು. ಎಲ್ಲರಿಗೂ ಆಗುವ ಅಳತೆ ಎಂದು ಬರೆದಿತ್ತು. ಆ ಎಲ್ಲರಲ್ಲಿ ನಾನಿರಲಿಲ್ಲ. ಹಿಮ್ಮಡಿಯ ಜಾಗ ನನ್ನ ಕಾಲಿನ ಹರಡು ದಾಟಿ ಮೇಲೆ ಬಂತು.

ಆಗ ಸವಿತಾ ಒಂದು ಉಪಾಯ ಮಾಡಿದಳು. ಚಪ್ಪಲಿ ಅಂಗಡಿಯಲ್ಲಿ ನಾನು ಹೇಳುವುದನ್ನು ಅವಳು ಕೇಳಿಸಿಕೊಂಡಿದ್ದಳಲ್ಲ, ಎಂಟು ವರ್ಷದ ಹುಡುಗಿಗೆ ಎಂದೇ ಆರ್ಡರ್ ಹಾಕಿಬಿಟ್ಟಳು. ಬಂದದ್ದು ಗುಲಾಬಿ ಬಣ್ಣದ್ದು. ಹತ್ತು ಬೆರಳಿಗೂ ಒಂದೊಂದು ಮುಖ. ಕಣ್ಣು, ಬಾಯಿ, ಕೆಂಪು ಕೆನ್ನೆ. ಎಲ್ಲವೂ ನಗುತ್ತಿದ್ದವು. ಮರುದಿನವೇ ಯಾದಗಿರಿಗೆ ಹೋಗಬೇಕಿತ್ತು, ಸರಿಯೋ ತಪ್ಪೋ ಡಾಕ್ಟರೇ ನೋಡಲಿ ಎಂದು ಅದನ್ನೇ ಹಾಕಿಕೊಂಡು ಸೀರೆಯ ನಿರಿಗೆ ಇಳಿಬಿಟ್ಟು ಹೋದೆ.

ಕಾಯುವ ಕೋಣೆಯಲ್ಲಿ ಎಷ್ಟು ಮುಚ್ಚಿಟ್ಟರೇನು? ಅಲ್ಲಿ ಎಲ್ಲರೂ ನೋಡುವುದೇ ಕಾಲನ್ನು. ಕೊಂಕಲ್‌ನ ಮುದುಕ ಕಣ್ಣು ಕಿರಿದು ಮಾಡಿ ಬಾಗಿದ.

"ಯವ್ವಾ! ನಿನ್ನ ಬೆರಳೆಲ್ಲಾ ನಗಾಕತ್ತಾವಲ್ಲ!"

ಇಡೀ ಸಾಲು ಬಾಗಿ ನೋಡಿತು. ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ನಿರಿಗೆ ಎತ್ತಿ ತೋರಿಸಿಯೇಬಿಟ್ಟೆ. ಇನ್ನೇನು ಮುಚ್ಚುವುದು?

"ನನಗೂ ಒಂದ್ ಜೋಡಿ ತರಸು ತಾಯಿ," ಎಂದ ಮುದುಕ. "ಆದ್ರ ಹೇಳು ಅವರಿಗಿ, ಒಂದ್ ಕಾಲಿಗಿ ಎರಡು ಬೆರಳು ಕಡಿಮಿ ಇರ್ಲಿ ಅಂತ."

ಎರಡು ಎಂದದ್ದು ಕೇಳಿ ಅವನ ಕಾಲು ನೋಡಿದೆ. ಹಿಂದಿನ ಸಲ ಹೆಬ್ಬೆಟ್ಟು ಮಾತ್ರ ಹೋಗಿತ್ತು. ಈಗ ಪಕ್ಕದ್ದೂ ಇಲ್ಲ. ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ, "ಕುರಿಹಟ್ಟ್ಯಾಗ ಒಂದ್ ಮುಳ್ಳು ತುಳದೆ. ಗೊತ್ತಽ ಆಗಲಿಲ್ಲ ನೋಡು. ಹೋಗ್ಲಿ ಬಿಡು, ನಡ್ಯಾಕ ಇನ್ನಾ ಅವ."

ಡಾಕ್ಟರು ಆ ಸಾಕ್ಸ್ ಬಿಚ್ಚಿಸಿ, ಬೆರಳ ಬುಡದಲ್ಲಿ ಬಿದ್ದಿದ್ದ ಅಚ್ಚನ್ನು ತೋರಿಸಿದರು. "ಚಂದ ಅವ, ಆದ್ರ ಇವು ಬ್ಯಾಡ. ನೋಡ್ರಿ, ಬಿಗಿ ಆಗ್ಯಾವ. ನಿಮಗ ಗೊತ್ತಾಗಂಗಿಲ್ಲ." ನನ್ನ ಬೆರಳಿನ ಉದ್ದ ಎಂಟು ವರ್ಷದವಳದ್ದು, ದಪ್ಪ ಮಾತ್ರ ನನ್ನ ವಯಸ್ಸಿನದು.

ಆ ದಿನ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕುರಿಹಟ್ಟಿಯ ಮುಳ್ಳು ತಲೆಯಲ್ಲಿ ಹೊಕ್ಕು ಕೂತಿತ್ತು.

ಮನೆಯಲ್ಲಿ ಸವಿತಾ ಅಳತೆಪಟ್ಟಿ ಹಿಡಿದು ಹೆಣಗುತ್ತಿದ್ದದ್ದನ್ನು ಅತ್ತೆ ಕೇಳಿಸಿಕೊಂಡರು. "ಅಷ್ಟ್ಯಾಕ ಒದ್ದಾಡ್ತೀರಿ? ಈ ಮನ್ಯಾಗ ಇಕಿ ಪಾದಕ್ಕ ಅಳತಿ ಇಲ್ಲೇನು? ಕುಂಕುಮದ ನೀರು ಮಾಡು, ಪೇಪರ್ ಮ್ಯಾಲ ಇಡಸು."

ಅದು ನಮ್ಮ ಮನೆಯ ಪದ್ಧತಿ. ದೀಪಾವಳಿಯಲ್ಲಿ ಬೇರೆಯವರು ಮುಷ್ಟಿ ಅದ್ದಿ ಲಕ್ಷ್ಮಿಯ ಪಾದ ಬಿಡಿಸುತ್ತಾರೆ. ಅತ್ತೆ ನಾನು ಬಂದ ವರ್ಷದಿಂದ ನನ್ನ ಕಾಲನ್ನೇ ಕೆಂಪು ನೀರಿನಲ್ಲಿ ಅದ್ದಿಸಿ ಹೊಸ್ತಿಲಿಂದ ದೇವರ ಕೋಣೆವರೆಗೆ ನಡೆಸುತ್ತಿದ್ದರು. ಇಷ್ಟು ಸಣ್ಣ ಪಾದ ಇನ್ಯಾರ ಸೊಸೆಗಿದೆ ಎಂದು ಅವರಿಗೆ ಜಂಬ. ಈಗ ಹಳೆಯ ಪೇಪರ್ ಹಾಸಿದೆವು. ಪರಾತದ ಕೆಂಪು ನೀರಿನಲ್ಲಿ ಕಾಲದ್ದಿ ಎಡದ್ದು ಇಟ್ಟೆ, ಬಲದ್ದು ಇಟ್ಟೆ, ಎತ್ತಿದೆ.

"ಐದೈದೂ ಮೂಡ್ಯಾವಿಲ್ಲ?" ಎಂದರು ಅತ್ತೆ, ಕಾಣದ ಪೇಪರಿನ ಕಡೆ ಮುಖ ಮಾಡಿ.

ಸವಿತಾ ನನ್ನ ಮುಖ ನೋಡಿದಳು. ಅವಳಿಗೆ ಸುಳ್ಳು ಬರುವುದಿಲ್ಲ.

"ಬಲಗಾಲಿಂದು ನಾಕೇ ಮೂಡ್ಯಾವ ಆಯಿ. ಎರಡನೇ ಬೆರಳು ನೆಲಕ್ಕ ತಾಗವಲ್ದು."

ಗಾಯವಾದ ಬೆರಳು ಮಡಚಿಕೊಂಡು ಮೇಲೆದ್ದಿತ್ತು. ನನಗೂ ಅದು ಗೊತ್ತಾದದ್ದು ಆ ಪೇಪರಿನಿಂದಲೇ. ಅತ್ತೆ ನನ್ನ ಕಡೆ ಮುಖ ತಿರುಗಿಸಿದರು. ಆಮೇಲೆ ಕೇಳಿದರು, "ಡಾಕ್ಟರ್ ಏನಂದಾರ? ಪೂರಾ ಹೇಳು. ಅರ್ಧ ಹೇಳಬ್ಯಾಡ."

ಪೂರ್ತಿ ಹೇಳಿದೆ. ಬೆರಳಿನ ಮಾತು, ಬರಿಗಾಲಿನ ಮಾತು, ಕೊಂಕಲ್‌ನ ಮುದುಕನ ಮಾತು. ಅವರು ತೊಗರಿಕಾಯಿಯ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು ಸುಲಿಯತೊಡಗಿದರು.

ಪೇಪರಿನ ಆ ಪಾದವನ್ನು ಅಳೆದು ಸವಿತಾ ಮತ್ತೆ ತರಿಸಿದಳು. ದೊಡ್ಡವರದೇ, ಆದರೆ ಎಲ್ಲಕ್ಕಿಂತ ಸಣ್ಣ ಅಳತೆ. ತೆಳ್ಳನೆಯ ಹತ್ತಿಯದು, ಬೂದು ಬಣ್ಣ, ಮೇಲಿನ ಪಟ್ಟಿ ಸಡಿಲ, ಅಡಿಯಲ್ಲಿ ರಬ್ಬರು ಚುಕ್ಕೆ. ಬೆರಳ ತುದಿಯ ಹೊಲಿಗೆಯೊಂದು ಒಳಗೆ ಉಬ್ಬಿತ್ತು. ಒಳಮೈ ಹೊರಗೆ ಮಾಡಿ ಹಾಕಿದೆ, ಹೊಲಿಗೆ ಹೊರಬಂತು. ನನ್ನಂಥ ಕಾಲಿರುವವರು ಇದನ್ನು ಓದುತ್ತಿದ್ದರೆ ಈ ಒಂದು ಮಾತು ನೆನಪಿಡಿ: ಉಲ್ಟಾ ಹಾಕಿಕೊಳ್ಳಲು ನಾಚಬೇಡಿ. ಒಂದು ತಾಸು ಬಿಟ್ಟು ತೆಗೆದು ನೋಡಿ. ಚರ್ಮದ ಮೇಲೆ ಅಚ್ಚಿಲ್ಲದಿದ್ದರೆ ಅದು ನಿಮ್ಮದು. ಕಾಲು ಹೇಳುವುದಿಲ್ಲ, ಕಣ್ಣಿನಿಂದಲೇ ಕೇಳಬೇಕು.

ನನ್ನ ಕಾಲಿನ ಮೇಲೆ ಅಚ್ಚಿರಲಿಲ್ಲ. ಹಾಕಿಕೊಂಡು ಎದ್ದು ನಿಂತೆ.

"ಆಯಿಗಿ ಕಾಣಂಗಿಲ್ಲ, ಸುಮ್ನ ಒಳಗ ಹೋಗು ದೊಡ್ಡವ್ವ," ಎಂದು ಸವಿತಾ ಪಿಸುಗುಟ್ಟಿದಳು.

ಅಷ್ಟು ಹೊತ್ತಿಗೆ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ನಾನು ಅವರ ಬದಿಯಿಂದ ಅಡುಗೆಮನೆಗೆ ನಡೆದೆ. ಹೊಸ್ತಿಲ ಹತ್ತಿರ ಹೋಗಿದ್ದೆನಷ್ಟೆ.

"ಯಾರದು? ಅಡುಗಿಮನಿಗಿ ಹೊಂಟೋರು ಯಾರು?"

ನಿಂತುಬಿಟ್ಟೆ. ಕಣ್ಣಿಗೆ ಪೊರೆ ಬಂದಾಗಿನಿಂದ ಅತ್ತೆ ನಮ್ಮನ್ನೆಲ್ಲ ಕಾಲಿನ ಸದ್ದಿನಲ್ಲೇ ಗುರುತಿಸುತ್ತಾರೆ. ನನ್ನ ಬರಿಗಾಲಿನ ಪಟಪಟ ಅವರಿಗೆ ನನ್ನ ಹೆಸರಿದ್ದ ಹಾಗೆ. ಈಗ ಬಂದವಳು ಯಾರೋ ಪರಕೀಯಳು.

"ನಾನ್ರಿ ಅತ್ತಿ."

"ನೀನೇ? ಮತ್ತ ಸಪ್ಪಳ ಎಲ್ಲಿ ಹೋತು?" ಕೈ ಚಾಚಿದರು. "ಬಾ ಇಲ್ಲಿ."

ಹತ್ತಿರ ಹೋಗಿ ಕೂತೆ. ನಾನು ತಡೆಯುವ ಮೊದಲೇ ಅವರ ಕೈ ನನ್ನ ಪಾದದ ಮೇಲೆ ಬಂತು. ಅತ್ತೆಯಾದವರು ಸೊಸೆಯ ಕಾಲು ಮುಟ್ಟುವುದೆಂದರೇನು? ನನಗೆ ಮೈ ಹಿಡಿಯಾಯಿತು. ಅವರು ಒಂದೊಂದೇ ಬೆರಳನ್ನು ಹಿಡಿದು, ರಬ್ಬರು ಚುಕ್ಕೆಗಳನ್ನು ಸವರಿ, ಮೇಲಿನ ಪಟ್ಟಿಯನ್ನು ಎಳೆದು ನೋಡಿದರು.

"ಹೊಲಗಿ ಹೊರಗದ. ಉಲ್ಟಾ ಹಾಕ್ಕೊಂಡೀ."

"ಬೇಕಂತ್ಲೇ ಹಾಕ್ಕೊಂಡೀನ್ರಿ."

"ಇದು ಚಪ್ಲಿಯೋ, ಅರಿಬಿಯೋ?"

ಚಪ್ಪಲಿಯಾದರೆ ಹೊಸ್ತಿಲಾಚೆ, ಬಟ್ಟೆಯಾದರೆ ಒಳಗೆ. ಅಂಗಡಿಯವನಿಗೆ, ಡಾಕ್ಟರಿಗೆ, ಆ ಫೋನಿಗೆ ಬರದ ಪ್ರಶ್ನೆ. "ನೀವೇ ಹೇಳ್ರಿ," ಎಂದೆ.

"ಒಗದ್ಮ್ಯಾಲ ಎಲ್ಲಿ ಒಣಗಾಕ್ತೀ? ಚಪ್ಲಿ ಜೋಡಿ ಕಟ್ಟಿ ಮ್ಯಾಲೋ, ಸೀರಿ ಜೋಡಿ ಹಗ್ಗದ ಮ್ಯಾಲೋ?"

"ಹಗ್ಗದ ಮ್ಯಾಲ."

"ನನ್ನ ಸೀರಿ ಬಾಜೂಕ?"

"ಹೌದ್ರಿ. ನಿಮ್ಮ ಸೀರಿ ಬಾಜೂಕ."

"ನಾಚಿಕಿ ಬರಂಗಿಲ್ಲೇನು?"

"ಇಲ್ರಿ."

"ಹಂಗಾರ ಅರಿಬಿ," ಎಂದರು ಅತ್ತೆ. ಕಾಲನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ಆದ್ರ ಒಂದ್ ಮಾತು. ಒಳಗಿನ ಜೋಡಿ ಒಳಗಽ. ಹೊಸ್ತಿಲ ದಾಟ್ತೋ, ಆ ದಿನಕ್ಕ ಅದು ಚಪ್ಲಿ. ಒಗದಽ ಒಳಗ ತರಬೇಕು. ಮತ್ತ ನಡಿಯಾಗ ಜರಾ ಕೆಮ್ಮು. ಕಳ್ಳರ ಗತೆ ಬಂದ್ರ ನನಗ ಹೆಂಗ್ ಗೊತ್ತಾಗಬೇಕು?"

ಅಂದು ಬಹಳ ದಿನಗಳ ಮೇಲೆ ಒಲೆಯ ಮುಂದೆ ನಿಂತು ರೊಟ್ಟಿ ಬಡಿದೆ. ಅತ್ತೆ ಪೂರ್ತಿ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದರು. ಹಲ್ಲಿಗೆ ನಸೀಬು ಮರಳಿತ್ತು.

ಕಾಲಿಗೆ ಮಾತು ಮರಳಲಿಲ್ಲ. ಯಾದಗಿರಿಯಲ್ಲಿ ಆ ದಾರದ ಪರೀಕ್ಷೆ ಈಗಲೂ ಆಗುತ್ತದೆ, ಈಗ ನಾನು ಕಾಪಿ ಹೊಡೆಯುವುದಿಲ್ಲ. ಗೊತ್ತಾಗದಿದ್ದರೆ ಸುಮ್ಮನಿರುತ್ತೇನೆ. ದಿನಾ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತೇನೆ. ಹಿಂದೆ ಮುಖ ನೋಡಿಕೊಳ್ಳುತ್ತಿದ್ದ ಕನ್ನಡಿ ಅದು, ಮುಖ ನೋಡುವುದು ಈಗ ಮರೆತೇಹೋಗಿದೆ. ಅಡುಗೆಮನೆಗೆ ಹೋಗುವಾಗ ಕೆಮ್ಮುತ್ತೇನೆ. ಊರವರು ಕೆಮ್ಮಿಗೆ ಔಷಧಿ ಹೇಳುತ್ತಾರೆ.

ಹೋದ ಮಳೆಗಾಲದಲ್ಲಿ ನಡೆದದ್ದು ಇದು. ಮಧ್ಯಾಹ್ನ ಗಾಳಿ ಎದ್ದು ಹಗ್ಗದ ಮೇಲಿನ ಬಟ್ಟೆ ಅಂಗಳಕ್ಕೆ ಬಿದ್ದವು. ಅತ್ತೆ ತಡವರಿಸುತ್ತ ಹೋಗಿ ಒಂದೊಂದೇ ಆಯ್ದು ತಂದರು. ನಾನು ಕುರ್ಚಿಯಲ್ಲಿ ಕೂತು, ಕೊಡಿ ಹಾಕಿಕೊಳ್ಳುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಸಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು, ತೊಗರಿಕಾಯಿ ಸುಲಿಯುವ ಹಾಗೆ, ಒಂದೊಂದು ಬೆರಳಿನೊಳಗೂ ತಮ್ಮ ಕಿರುಬೆರಳು ಹಾಕಿ ತಿರುಗಿಸುತ್ತ ಹೋದರು. ಬಲಗಾಲಿನ ಎರಡನೆಯದಕ್ಕೆ ಬಂದಾಗ ಅವರ ಕೈ ನಿಂತಿತು. ಉಗುರಿನಿಂದ ಮೆಲ್ಲಗೆ ಎಬ್ಬಿ ತೆಗೆದರು. ನೆಗ್ಗಿಲ ಮುಳ್ಳು.

ಅವರ ಕಿರುಬೆರಳ ತುದಿಯಲ್ಲಿ ಒಂದು ಹನಿ ರಕ್ತ ಬಂದಿತ್ತು. ಅದನ್ನು ಬಾಯಲ್ಲಿಟ್ಟುಕೊಂಡು ಎದ್ದು ಹೋಗಿ ಮುಳ್ಳನ್ನು ಒಲೆಗೆ ಹಾಕಿದರು. ಸಾಕ್ಸನ್ನು ಮತ್ತೆ ಒಗೆದು, ಹಿಂಡಿ, ತಮ್ಮ ಸೀರೆಯ ಬಾಜೂಕ ಹರವಿ ಬಂದರು.